ಬಾತುಗಳಿಗೆ ಬ್ರೆಡ್ ಹಾಕುವುದು ತಪ್ಪಾ? ಭಾನುವಾರ ಕೆರೆಯಲ್ಲಿ ನಡೆದದ್ದು

ಕೆರೆದಂಡೆ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು. ಮನೆಯಿಂದ ಐದು ನಿಮಿಷ ನಡೆದರೆ ಒಂದು ಸಣ್ಣ ಕೆರೆ ಇದೆ. ಭಾನುವಾರ ಬೆಳಿಗ್ಗೆ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಮೂರು ವರ್ಷದಿಂದ ರೂಢಿ. ವಾರವಿಡೀ ಉಳಿದ ಬ್ರೆಡ್ಡಿನ ಅಂಚುಗಳು ಒಂದು ಕವರಿನಲ್ಲಿ ಜೊತೆಗೆ ಬರುತ್ತಿದ್ದವು. ಮೆಟ್ಟಿಲ ಮೇಲೆ ಕೂತು ಕವರ್ ಚರಪರ ಅನ್ನಿಸಿದರೆ ಸಾಕು, ಜೊಂಡಿನ ಒಳಗಿಂದ ಬಾತುಗಳು ಈಜಿಕೊಂಡು ಬರುತ್ತಿದ್ದವು. ನಮ್ಮ ಕವರಿನ ಸದ್ದು ಅವಕ್ಕೆ ಗೊತ್ತು ಅಂತ ನಾವು ಮನೆಗೆ ಬಂದ ನೆಂಟರಿಗೆಲ್ಲ ಹೇಳಿಕೊಳ್ಳುತ್ತಿದ್ದೆವು.

ಈ ಡಿಸೆಂಬರಿನಲ್ಲಿ ಒಂದು ಚುಕ್ಕೆ ಬಾತು ಮರಿ ಮಾಡಿತ್ತು. ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಬೊಟ್ಟು, ತುದಿಯಲ್ಲಿ ಹಳದಿ ಇರುತ್ತದಲ್ಲ, ಅದೇ. ಒಂಬತ್ತು ಮರಿ. ಮೊದಲ ವಾರ ತಾಯಿ ಅವನ್ನು ಹೊರಗೇ ಬಿಟ್ಟಿರಲಿಲ್ಲ, ಹುಲ್ಲಿನ ಸಂದಿಯಲ್ಲಿ ಒಮ್ಮೊಮ್ಮೆ ಕಾಣುತ್ತಿದ್ದವು ಅಷ್ಟೆ. ಕಳೆದ ಭಾನುವಾರ ಕವರಿನ ಸದ್ದು ಕೇಳಿ ತಾಯಿ ಬಂತು. ಹಿಂದೆ ಒಂಬತ್ತೂ ಬಂದವು, ದಾರ ಕಟ್ಟಿ ಎಳೆದ ಹಾಗೆ ಸಾಲಾಗಿ. ಮಗಳು ಬ್ರೆಡ್ಡನ್ನು ಉಗುರಿನಷ್ಟು ಉಗುರಿನಷ್ಟು ಮುರಿದು ಹಾಕುತ್ತಿದ್ದಳು. ಕಂಬಿಯ ಮೇಲೆ ಏಳೆಂಟು ಕಾಗೆ ಕೂತು ನಮ್ಮನ್ನೇ ನೋಡುತ್ತಿದ್ದವು. ಅವೂ ಪ್ರತಿ ವಾರದ ಗಿರಾಕಿಗಳೇ.

ಹದ್ದು ಎಲ್ಲಿಂದ ಬಂತೋ ಗೊತ್ತಿಲ್ಲ. ಮೆಟ್ಟಿಲ ಮೇಲೆ ನೆರಳು ಹಾದದ್ದು ಗೊತ್ತಾಯಿತು. ತಾಯಿ ರೆಕ್ಕೆ ಬಡಿದು ಅರಚಿತು. ತಲೆ ಎತ್ತಿ ನೋಡಿದರೆ ಹದ್ದಿನ ಕಾಲಲ್ಲಿ ಒಂದು ಮರಿ. ಉಳಿದ ಎಂಟು ನೀರಿನ ಮೇಲೆ ಓಡಿಕೊಂಡೇ ಜೊಂಡು ಸೇರಿದವು. ಎಲ್ಲಾ ಸೇರಿ ಮೂರು ಸೆಕೆಂಡ್ ಇರಬಹುದು.

ಮಗಳು ಅಲ್ಲಿ ಅಳಲಿಲ್ಲ. ಮನೆ ಗೇಟಿನ ಹತ್ತಿರ ಬಂದಾಗ ಕೇಳಿದಳು: "ಅಪ್ಪ, ನಾವು ಕರೀದೇ ಇದ್ದಿದ್ರೆ ಅದು ಹುಲ್ಲೊಳಗೇ ಇರ್ತಿತ್ತಾ?"

ಹದ್ದಿಗೂ ಹೊಟ್ಟೆ ಇದೆ, ಪ್ರಕೃತಿ ಹಾಗೇ ಪುಟ್ಟಿ ಅಂತೆಲ್ಲ ಹೇಳಿದೆ. ಆದರೆ ಅವಳ ಪ್ರಶ್ನೆಗೆ ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ತಿಳಿದವರು ಹೇಳಿ, ನಾವು ಮಾಡುತ್ತಿದ್ದದ್ದು ತಪ್ಪಾ? ಸುಮ್ನೆ ಸಮಾಧಾನ ಮಾಡಬೇಡಿ.

ಜೊಂಡುಹುಲ್ಲು

ಸಮಾಧಾನ ಬೇಡ ಅಂದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ ಸಾರ್. ನಿಮ್ಮ ಮಗಳ ಪ್ರಶ್ನೆಗೆ ಉತ್ತರ "ಹೌದು, ಬಹುಶಃ ಒಳಗೇ ಇರುತ್ತಿತ್ತು".

ಪ್ರತಿ ಜನವರಿ ನಡೆಯುವ ನೀರುಹಕ್ಕಿ ಗಣತಿಗೆ ಹೋಗುವವನು ನಾನು. ಜನರ ಸಹವಾಸ ಇಲ್ಲದ ಕೆರೆಯಲ್ಲಿ ಚುಕ್ಕೆ ಬಾತನ್ನು ನೋಡಿ. ಏರಿಯ ಮೇಲೆ ಮನುಷ್ಯನ ತಲೆ ಕಂಡ ತಕ್ಷಣ ಕತ್ತು ನೆಟ್ಟಗಾಗುತ್ತದೆ. ಇನ್ನೂ ನಾಲ್ಕು ಹೆಜ್ಜೆ ಇಟ್ಟರೆ ದೂರ ಸರಿಯುತ್ತದೆ. ಇನ್ನೂ ಹತ್ತಿರ ಹೋದರೆ ಹಾರಿಯೇ ಹೋಗುತ್ತದೆ. ಮರಿ ಇದ್ದರಂತೂ ಇನ್ನೂ ಹುಷಾರು. ಕೆಲವೊಮ್ಮೆ ತಾಯಿ ರೆಕ್ಕೆ ಮುರಿದ ಹಾಗೆ ನಾಟಕ ಆಡಿ ನಮ್ಮನ್ನು ಬೇರೆ ಕಡೆ ಎಳೆಯುತ್ತದೆ. ಆ ಭಯವೇ ಅದರ ಆಸ್ತಿ. ನಮ್ಮ ಬ್ರೆಡ್ಡು ಮೊದಲು ಕರಗಿಸುವುದು ಆ ಭಯವನ್ನೇ. ಹೊಟ್ಟೆ ಕೆಡುವುದು, ನೀರು ಕೆಡುವುದು ಎಲ್ಲಾ ಆಮೇಲಿನ ಮಾತು.

ಇನ್ನೊಂದು ವಿಷಯ. ನಿಮ್ಮ ಬಾತು ನಿಮ್ಮ ಕೆರೆಗೆ ಮಾತ್ರ ಸೇರಿದ್ದಲ್ಲ. ನೀರು ಇಳಿದರೆ ಪಕ್ಕದ ಊರಿನ ಕೆರೆಗೆ ಹೋಗುತ್ತದೆ. ಅಲ್ಲಿ ಕವರ್ ಹಿಡಿದು ದಡಕ್ಕೆ ಬರುವವನು ಬ್ರೆಡ್ಡೇ ತಂದಿರುತ್ತಾನೆ ಅಂತ ಏನು ಗ್ಯಾರಂಟಿ? ಉರುಳು ಹಾಕುವವರು, ಬಲೆ ಬಿಡುವವರು ಇನ್ನೂ ಇದ್ದಾರೆ. ಮನುಷ್ಯ ಅಂದರೆ ತಿಂಡಿ ಅಂತ ಕಲಿತ ಹಕ್ಕಿ ಅವರ ಹತ್ತಿರವೂ ಹಾಗೇ ಹೋಗುತ್ತದೆ.

ಮೂರನೇ ತಿರುವು

ಓದಿ ಬೆಳಿಗ್ಗೆಯ ಕಾಫಿ ಕಹಿಯಾಯಿತು. ನಾನೂ ಲಾಲ್‌ಬಾಗ್ ಕೆರೆಗೆ ಕಡ್ಲೆಪುರಿ ಎಸೆದೇ ಬೆಳೆದವನು. ನಮ್ಮದು ಮೀನಿಗೆ, ಆದರೂ.

ಸಾದಾ ಪ್ರಜೆ

ಸ್ವಲ್ಪ ತಡೆಯಿರಿ. ನಮ್ಮ ಕೆರೆಗಳಿಗೆ ದಿನಾ ಯುಜಿಡಿ, ಅಂದರೆ ಒಳಚರಂಡಿ ನೀರು ಬೀಳುತ್ತಿದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆ ತುಂಬಾ ಸತ್ತ ಮೀನು ತೇಲಿದ್ದು ನೆನಪಿದೆಯಾ? ಅದು ಯಾರೋ ಮಗು ಬ್ರೆಡ್ ಹಾಕಿದ್ದರಿಂದ ಆಯಿತಾ? ದೊಡ್ಡವರನ್ನು ಕೇಳಲು ಧೈರ್ಯ ಇಲ್ಲ, ಅದಕ್ಕೆ ಒಂದು ಪೊಟ್ಟಣ ಪುರಿ ಹಾಕುವವನನ್ನು ಹಿಡಿದುಕೊಳ್ಳುವುದು. ಮಕ್ಕಳು ಹಕ್ಕಿ ನೋಡಲು ಕೆರೆಗೆ ಬರುವುದೇ ಅಪರೂಪ ಈಗ. ಅದನ್ನೂ ನಿಲ್ಲಿಸಿ, ಮೊಬೈಲ್ ಕೊಟ್ಟು ಕೂರಿಸಿ.

ಪಶುವೈದ್ಯೆ ಹಾಸನ

ಸಾದಾ ಪ್ರಜೆಯವರು ಹೇಳಿದ ಮೊದಲ ಅರ್ಧ ನಿಜ. ಕೆರೆ ಕೆಡಲು ದೊಡ್ಡ ಕಾರಣ ಚರಂಡಿ ನೀರು, ಅದರಲ್ಲಿ ಅನುಮಾನ ಇಲ್ಲ. ಬ್ರೆಡ್ಡಿನಿಂದ ಹಲಸೂರು ಕೆರೆ ಸಾಯಲಿಲ್ಲ. ಆದರೆ ಸಣ್ಣ ಕೆರೆ, ಪಾರ್ಕಿನ ಕೊಳದ ಲೆಕ್ಕ ಬೇರೆ. ಭಾನುವಾರ ನೂರು ಮನೆಯವರು ಬಂದು ಒಂದೇ ಮೆಟ್ಟಿಲಿನಿಂದ ಎಸೆದರೆ ಅಷ್ಟೂ ಹಿಟ್ಟು ಒಂದೇ ಮೂಲೆಯಲ್ಲಿ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ಹೀರುತ್ತದೆ. ತಿಂದದ್ದೂ ಹಿಕ್ಕೆಯಾಗಿ ಅಲ್ಲಿಗೇ ಬೀಳುತ್ತದೆ. ಪಾಚಿಗೆ ಅದು ಗೊಬ್ಬರ. ಮೊದಲೇ ಉಸಿರು ಕಟ್ಟಿರುವ ಕೆರೆಗೆ ಇದೂ ಒಂದು ಭಾರ.

ಇನ್ನು ಹೊಟ್ಟೆ ವಿಷಯ. ಬ್ರೆಡ್ ವಿಷ ಅಂತ ಕೆಲವರು ಹೇಳುತ್ತಾರೆ, ವಿಷವೇನಲ್ಲ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ, ತೊಂದರೆ ಅದು. ಬಾತು ಸಾಕುವವರು ಮರಿಗಳಿಗೆ ಕೊಡುವ ಆಹಾರದಲ್ಲಿ ಸುಮಾರು 20% ಪ್ರೋಟೀನ್ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಬ್ರೆಡ್ಡಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಕಾಡು ಬಾತಿನ ಮರಿ ಮೊಟ್ಟೆಯಿಂದ ಬಂದ ಒಂದೆರಡು ದಿನಕ್ಕೇ ತಾನಾಗಿ ಈಜುತ್ತಾ ನೀರಿನ ಹುಳು, ಸೊಳ್ಳೆಮರಿ ಹೆಕ್ಕಿ ತಿನ್ನುತ್ತದೆ. ತಾಯಿ ಬಾಯಿಗೆ ಇಡುವುದಿಲ್ಲ. ಆ ವಯಸ್ಸಿನಲ್ಲಿ ಹೊಟ್ಟೆಗೆ ಬ್ರೆಡ್ ತುಂಬಿಕೊಂಡರೆ ಹುಳು ಹುಡುಕುವುದಿಲ್ಲ. ಮೂಳೆ, ಗರಿ ಬೆಳೆಯುವ ಸಮಯ ಅದು.

ಏಂಜೆಲ್ ವಿಂಗ್ ಅಂತ ಒಂದು ತೊಂದರೆ ಇದೆ. ರೆಕ್ಕೆಯ ಕೊನೆಯ ಕೀಲು ಹೊರಕ್ಕೆ ತಿರುಗಿ, ಗರಿಗಳು ಮೈಗೆ ಅಂಟಿಕೊಳ್ಳದೆ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಹಕ್ಕಿ ಹಾರಲಾರದು. ಮರಿಯಿದ್ದಾಗ ಗೊತ್ತಾದರೆ ಕಟ್ಟು ಹಾಕಿ ಸರಿಮಾಡಬಹುದು, ದೊಡ್ಡದಾದ ಮೇಲೆ ಆಗುವುದಿಲ್ಲ. ಬ್ರೆಡ್ಡೇ ಕಾರಣ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅಷ್ಟು ಖಡಾಖಂಡಿತವಾಗಿ ನಾನು ಹೇಳಲಾರೆ. ಮರಿ ವಿಪರೀತ ಬೇಗ ಬೆಳೆಯುವುದು, ಮ್ಯಾಂಗನೀಸ್, ವಿಟಮಿನ್ ಡಿ, ಇ ಕೊರತೆ ಅಂತ ಹಲವು ಕಾರಣ ಹೇಳುತ್ತಾರೆ. ಬೂಸ್ಟು ಹಿಡಿದ ಬ್ರೆಡ್ ಬಗ್ಗೆ ಮಾತ್ರ ಅನುಮಾನವೇ ಬೇಡ. ಆ ಶಿಲೀಂಧ್ರ ಶ್ವಾಸಕೋಶಕ್ಕೆ ಹೋದರೆ ಹಕ್ಕಿ ಉಳಿಯುವುದು ಕಷ್ಟ. ನಾವು ತಿನ್ನದೆ ಬಿಟ್ಟಿದ್ದನ್ನೇ ತಾನೇ ಕೆರೆಗೆ ಒಯ್ಯುವುದು?

ಹಳೇ ಅಗ್ರಹಾರದ ತಾತ

ಮಕ್ಕಳೇ, ನಾನು 74 ವರ್ಷದವನು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಕೆರೆಗೆ ಪುರಿ ತೆಗೆದುಕೊಂಡು ಹೋಗುತ್ತೇನೆ. ನಮ್ಮ ಮನೆಯವಳು ಶುರು ಮಾಡಿದ್ದು. ಅವಳು ಹೋದ ಮೇಲೂ ನಾನು ಬಿಡಲಿಲ್ಲ. ನಮ್ಮ ತಂದೆಯ ಕಾಲದಲ್ಲಿ ಊಟಕ್ಕೆ ಕೂರುವ ಮುಂಚೆ ಕಾಗೆಗೆ ಒಂದು ತುತ್ತು ಇಡುತ್ತಿದ್ದರು. ಹಸುವಿಗೆ ಗೋಗ್ರಾಸ, ಇರುವೆಗೆ ಸಕ್ಕರೆ. ಇರುವ ಜೀವಕ್ಕೆ ಅನ್ನ ಹಾಕುವುದು ತಪ್ಪು ಅಂತ ನನ್ನ ಕಿವಿಯಲ್ಲಿ ಕೇಳುವ ದಿನ ಬರುತ್ತದೆ ಅಂದುಕೊಂಡಿರಲಿಲ್ಲ.

ಸಾದಾ ಪ್ರಜೆ

ತಾತ ಹೇಳಿದ್ದಕ್ಕೆ ಉತ್ತರ ಕೊಡಿ ಈಗ.

ಜೊಂಡುಹುಲ್ಲು

ತಾತ, ನಮಸ್ಕಾರ. ನೀವು ಮಾಡಿದ್ದು ಪಾಪ ಅಂತ ಯಾರೂ ಅನ್ನುವುದಿಲ್ಲ. ಒಂದು ಊರಿನ ವಿಷಯ ಹೇಳುತ್ತೇನೆ, ನೀವೂ ನೋಡಿರಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮನೆ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹಕ್ಕಿಗಳನ್ನು ಆ ಊರಿನವರಷ್ಟು ಪ್ರೀತಿಸುವವರು ಕಡಿಮೆ. ಮನೆಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅನ್ನುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಆದರೆ ಮರದ ಮೇಲಿನ ಹಕ್ಕಿಗೆ ಯಾರೂ ಅನ್ನ ಹಾಕುವುದಿಲ್ಲ. ಅವು ಸುತ್ತಲಿನ ಕೆರೆ, ಹೊಳೆಗೆ ಹೋಗಿ ಮೀನು ಹಿಡಿದು ತರುತ್ತವೆ. ಗೂಡಿನಿಂದ ಬಿದ್ದ ಮರಿಯನ್ನು ಮಾತ್ರ ಹೆಜ್ಜಾರ್ಲೆ ಬಳಗ ಅನ್ನುವ ಗುಂಪಿನವರು ಎತ್ತಿ, ಮೀನು ಕೊಟ್ಟು ಬೆಳೆಸಿ ಬಿಡುತ್ತಾರೆ. ಊರಿನವರು ಬಿಟ್ಟುಕೊಟ್ಟದ್ದು ಮರ. ಹುಣಸೆಹಣ್ಣಿನ ಆದಾಯ ಕಡಿಮೆ ಆದರೂ ಮರ ಕಡಿಯಲಿಲ್ಲ, ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು.

ಕಾಗೆಗೆ ಒಂದು ತುತ್ತು ಇಡುವುದಕ್ಕೂ ಇದಕ್ಕೂ ಹೋಲಿಕೆ ಬೇಡ ತಾತ. ಕಾಗೆ ಊರಲ್ಲೇ ಹುಟ್ಟಿ ಊರಲ್ಲೇ ಬದುಕುವ ಹಕ್ಕಿ. ಒಂದು ಮನೆಯಿಂದ ಒಂದು ತುತ್ತು, ಅದೂ ಅವತ್ತು ಮಾಡಿದ ಅನ್ನ.

ಗಂಗಾವತಿ ಗದ್ದೆ

ನಮ್ಮ ಕಡೆ ಭತ್ತ ಕೊಯ್ಲು ಆದ ಮೇಲೆ ಬಾತು ಮೇಯಿಸುವವರು ಬರುತ್ತಾರೆ. ಸಾವಿರಗಟ್ಟಲೆ ಬಾತು ಗದ್ದೆಗೆ ಇಳಿದರೆ ನೋಡಲು ಎರಡು ಕಣ್ಣು ಸಾಲದು. ಉದುರಿದ ಭತ್ತ, ಬಸವನಹುಳು, ಕಳೆ ಬೀಜ, ಎಲ್ಲಾ ಸ್ವಚ್ಛ. ಅವು ಸಾಕಿದ ಬಾತು, ಸರಿ. ಕಾಡು ಬಾತು ರಾತ್ರಿ ಬರುತ್ತವೆ. ಕತ್ತಲಲ್ಲಿ ಶಿಳ್ಳೆ ಹೊಡೆದುಕೊಂಡು ಹೋಗುವ ಶಿಳ್ಳೆ ಬಾತುಗಳ ಸದ್ದು ಕೇಳಿ ನಮ್ಮವ್ವ "ಪಾಳಿ ಬದಲಾಯ್ತು" ಅನ್ನುತ್ತಿದ್ದಳು. ಹಗಲು ಕೆರೆಯಲ್ಲಿ ನಿದ್ದೆ, ರಾತ್ರಿ ಗದ್ದೆಯಲ್ಲಿ ಊಟ. ಹಾಗಾಗಿ ಹಗಲು ಕೆರೆಯಲ್ಲಿ ಸುಮ್ಮನೆ ಕೂತಿರುವ ಬಾತು ನೋಡಿ "ಅಯ್ಯೋ ಪಾಪ, ಹಸಿದಿದೆ" ಅನ್ನಬೇಡಿ. ಅದು ರಾತ್ರಿ ಪಾಳಿ ಮುಗಿಸಿ ಮಲಗಿದೆ.

ಮೂರನೇ ತಿರುವು

ಐಟಿ ಕಂಪನಿ ಹಾಗೇ. ಹಗಲು ಎಬ್ಬಿಸಿ ಪಿಜ್ಜಾ ಕೊಟ್ಟರೆ ಸಿಟ್ಟು ಬರುವುದು ಸಹಜ.

ಥೇಮ್ಸ್ ಪಕ್ಕ

ಇಂಗ್ಲೆಂಡಿನಲ್ಲಿ ಇರುವ ಕನ್ನಡಿಗ ನಾನು. ಈ ಜಗಳ ಇಲ್ಲಿ ದೊಡ್ಡದಾಗಿಯೇ ಆಗಿದೆ. ಬಾತಿಗೆ ಬ್ರೆಡ್ ಹಾಕುವುದು ಇಲ್ಲಿನವರಿಗೆ ನಮ್ಮ ದಸರಾ ಗೊಂಬೆ ಇದ್ದ ಹಾಗೆ, ಅಜ್ಜಿ ಮೊಮ್ಮಗನಿಗೆ ಕಲಿಸುವ ವಿಷಯ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ವರ್ಷಗಟ್ಟಲೆ "ಬ್ರೆಡ್ ಬೇಡ, ಬಟಾಣಿ, ಜೋಳ, ಓಟ್ಸ್ ಸ್ವಲ್ಪ ಸ್ವಲ್ಪ ಹಾಕಿ" ಅಂತ ಪ್ರಚಾರ ಮಾಡಿತು. 2019ರಲ್ಲಿ ಡರ್ಬಿಶೈರ್‌ನ ಬಕ್ಸ್‌ಟನ್ ಪಾರ್ಕಿನ ಒಂದು ಬೋರ್ಡಿನ ಫೋಟೋ ಎಲ್ಲಾ ಕಡೆ ಓಡಾಡಿತು. ಜನ ಬ್ರೆಡ್ ಹಾಕುವುದು ಬಿಟ್ಟಿದ್ದಾರೆ, ಹಕ್ಕಿಗಳು ಹಸಿದಿವೆ ಅಂತ ಅದರಲ್ಲಿತ್ತು. ಅದಕ್ಕೂ ಮುಂಚೆ, 2018ರಲ್ಲಿ, ರಾಣಿಯ ಹಂಸಗಳ ಲೆಕ್ಕ ನೋಡಿಕೊಳ್ಳುವ ಅಧಿಕಾರಿಯೇ ಹಂಸಗಳಿಗೆ ಬ್ರೆಡ್ ಹಾಕಬಾರದು ಅನ್ನಲು ಒಳ್ಳೆಯ ಕಾರಣ ಇಲ್ಲ, ಬೂಸ್ಟು ಹಿಡಿದಿರಬಾರದು ಅಷ್ಟೆ ಅಂದಿದ್ದರು. ಹಾಗಾಗಿ ಮೇಡಂ ಏಂಜೆಲ್ ವಿಂಗ್ ಬಗ್ಗೆ ತೂಕವಾಗಿ ಮಾತಾಡಿದ್ದು ನನಗೆ ಹಿಡಿಸಿತು. ಇಲ್ಲಿ ಎರಡೂ ಕಡೆಯವರು ಜಾಸ್ತಿ ಕೂಗುತ್ತಾರೆ.

ಆದರೆ ಇಲ್ಲಿನ ವಾದವನ್ನು ಊರಿಗೆ ಹೊತ್ತುಕೊಂಡು ಬರಬೇಡಿ. ಇಲ್ಲಿ ಜನವರಿಯಲ್ಲಿ ಕೊಳ ಹೆಪ್ಪುಗಟ್ಟುತ್ತದೆ, ಹುಲ್ಲು ಬಿಳಿಯಾಗುತ್ತದೆ. ಚಳಿಗಾಲದಲ್ಲಿ ಒಂದು ಹಿಡಿ ಕಾಳು ಹಾಕಿದರೆ ಅರ್ಥ ಇದೆ. ಮೈಸೂರಿನಲ್ಲಿ ಜನವರಿ ಅಂದರೆ ಹಕ್ಕಿಗಳಿಗೆ ಹಬ್ಬ. ದೂರದ ಉತ್ತರದಿಂದ ಬಾತುಗಳು ಅಲ್ಲಿಗೆ ಊಟಕ್ಕೆ ಅಂತಲೇ ಬರುತ್ತವೆ. ಅಂಥ ಜಾಗದಲ್ಲಿ ನಾವು ಬಡಿಸುವುದು ಏನಿದೆ?

ಜೊಂಡುಹುಲ್ಲು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಪಟ್ಟೆ ತಲೆಯ ಹೆಬ್ಬಾತು ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆ, ನಮ್ಮ ಮೈಸೂರು ಪಕ್ಕದ ಹದಿನಾರು ಕೆರೆಗೂ ಬರುತ್ತದೆ. ಹಗಲು ಕೆರೆಯಲ್ಲಿ, ಹೊತ್ತು ಇಳಿದ ಮೇಲೆ ಹೊಲಗಳಲ್ಲಿ. ಅದಕ್ಕೆ ನಮ್ಮ ಬ್ರೆಡ್ ಬೇಕಿಲ್ಲ, ನಾವು ಕೂಗದೆ ಇರುವುದು ಬೇಕು. ತಿಂಡಿ ಎಸೆಯುವ ಕೆರೆಯಲ್ಲಿ ಏರಿಯ ಮೇಲೆ ಗಲಾಟೆ, ಸೆಲ್ಫಿ, ನಾಯಿ, ಕಾಗೆ ಎಲ್ಲಾ ಸೇರುತ್ತವೆ. ಬ್ರೆಡ್ಡಿಗೆ ಬಾರದ ನಾಚಿಕೆ ಸ್ವಭಾವದ ಹಕ್ಕಿಗಳು ಮೊದಲು ನಡುನೀರಿಗೆ ಸರಿಯುತ್ತವೆ, ಆಮೇಲೆ ಜಾಗ ಖಾಲಿ ಮಾಡುತ್ತವೆ. ಎಷ್ಟು ಬಾತು ಬಂದವು ಅಂತ ಲೆಕ್ಕ ಹಾಕುವವರಿಗೆ ಎಷ್ಟು ಬಾರದೆ ಹೋದವು ಅಂತ ಗೊತ್ತೇ ಆಗುವುದಿಲ್ಲ.

ಸಂತೆಪೇಟೆ

ಯಾರೂ ಹೇಳದ ಒಂದು ವಿಷಯ. ಜನ ಸಂತೆಯಲ್ಲಿ ಮುದ್ದಾಗಿದೆ ಅಂತ ಬಾತು ಮರಿ ತರುತ್ತಾರೆ. ಎರಡು ತಿಂಗಳಿಗೆ ಮನೆಯೆಲ್ಲಾ ಗಲೀಜು, ಅಕ್ಕಪಕ್ಕದವರ ಬೈಗುಳ. ಆಮೇಲೆ ಕೆರೆಗೆ ಬಿಟ್ಟು ಬರುತ್ತಾರೆ, ಹೇಗೂ ಅಲ್ಲಿ ಜನ ಬ್ರೆಡ್ ಹಾಕುತ್ತಾರಲ್ಲ ಅಂತ. ಈ ಬಿಳಿ ಬಾತುಗಳು ಹಾರಲಾರವು, ನಾಯಿಗೆ ಸಿಗುತ್ತವೆ. ಉಳಿದವು ಚುಕ್ಕೆ ಬಾತಿನ ಜೊತೆ ಕೂಡಿದರೆ ಮಿಶ್ರ ತಳಿ ಹುಟ್ಟುತ್ತದೆ ಅಂತ ಓದಿದ್ದೇನೆ. ನಿಜವಾ?

ಪಶುವೈದ್ಯೆ ಹಾಸನ

ನಿಜ. ನಾವು ಸಾಕುವ ಬಹುಪಾಲು ಬಾತುಗಳ ಮೂಲ ಮಲ್ಲಾರ್ಡ್ ಅನ್ನುವ ಕಾಡು ಬಾತು. ಚುಕ್ಕೆ ಬಾತು ಅದರ ಹತ್ತಿರದ ಸಂಬಂಧಿ. ಕೂಡಿದರೆ ಮರಿ ಆಗುತ್ತದೆ.

ರೋಗದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಸಾಕಿದ ಬಾತು, ಕಾಡು ಬಾತು, ಕಾಗೆ, ಪಾರಿವಾಳ ಎಲ್ಲಾ ಒಂದೇ ಮೆಟ್ಟಿಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು, ಒಂದರ ಹಿಕ್ಕೆಯ ಮೇಲೆ ಬಿದ್ದದ್ದನ್ನು ಇನ್ನೊಂದು ತಿನ್ನುವುದು ಎಲ್ಲಿ? ನಾವು ತಿಂಡಿ ಹಾಕುವ ಜಾಗದಲ್ಲಿ. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂತು ಅಂತ ಮೈಸೂರು ಮೃಗಾಲಯವನ್ನು ಒಂದು ತಿಂಗಳು ಮುಚ್ಚಿದ್ದು ನಿಮಗೆಲ್ಲ ನೆನಪಿರಬೇಕು. ಎಚ್5ಎನ್8 ಅಂತ ವೈರಸ್. ಅದಕ್ಕೆ ಬ್ರೆಡ್ ಕಾರಣ ಅಲ್ಲ, ತಪ್ಪು ತಿಳಿಯಬೇಡಿ. ಆದರೆ ಅಂಥದ್ದು ಬಂದಾಗ ಹಕ್ಕಿಗಳು ಚದುರಿ ಇದ್ದರೆ ಒಳ್ಳೆಯದಾ, ಒಂದೇ ಕಡೆ ಗುಂಪು ಕೂಡಿದ್ದರೆ ಒಳ್ಳೆಯದಾ ನೀವೇ ಯೋಚಿಸಿ.

ಸಾದಾ ಪ್ರಜೆ

ಸರಿ, ಅರ್ಧ ಒಪ್ಪಿದೆ. ಹದ್ದಿನ ಕಥೆ ನನ್ನನ್ನೂ ಕಾಡಿತು. ಆದರೆ ಬ್ರೆಡ್ ಹಾಕಬೇಡಿ ಅನ್ನುವ ಬೋರ್ಡ್ ಹಾಕುವಾಗ ಅದೇ ಕೆರೆಗೆ ಬೀಳುವ ಪೈಪಿನ ಪಕ್ಕವೂ ಒಂದು ಬೋರ್ಡ್ ಹಾಕಿ. ಒಂದನ್ನು ಮಾತ್ರ ಹಾಕಿದರೆ ನಾನು ಪುರಿ ತೆಗೆದುಕೊಂಡೇ ಬರುತ್ತೇನೆ.

ಕೆರೆದಂಡೆ ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ರಾತ್ರಿ ಪಾಳಿ ಕಥೆ ಅವಳಿಗೆ ತುಂಬಾ ಇಷ್ಟವಾಯಿತು, ಗಂಗಾವತಿ ಅಣ್ಣನಿಗೆ ಹೇಳು ಅಂದಳು.

ಈ ಭಾನುವಾರ ಖಾಲಿ ಕೈಯಲ್ಲಿ ಹೋದೆವು. ಮೆಟ್ಟಿಲ ಹತ್ತಿರ ಹೋಗಲಿಲ್ಲ, ಏರಿಯ ಮೇಲಿನ ಬೇವಿನ ಮರದ ಹಿಂದೆ ಕೂತೆವು. ಮೊದಲ ಇಪ್ಪತ್ತು ನಿಮಿಷ ಏನೂ ಇಲ್ಲ. ಮಗಳಿಗೆ ಬೇಜಾರಾಗಿ ಹುಲ್ಲು ಕೀಳಲು ಶುರು ಮಾಡಿದ್ದಳು. ಆಮೇಲೆ ಜೊಂಡಿನ ಬಾಯಲ್ಲಿ ತಾಯಿ ಕಾಣಿಸಿತು. ಮರಿಗಳು ಒಂದೊಂದಾಗಿ ಬಂದವು. ಎಣಿಸಿದಳು, ಎಂಟು. ಮತ್ತೆ ಎಣಿಸಿದಳು, ಎಂಟೇ.

ಬ್ರೆಡ್ ಹಾಕುವಾಗ ಇಷ್ಟು ದಿನ ನೋಡಿರದ ಒಂದನ್ನು ನೋಡಿದೆವು. ತಾಯಿ ತಲೆಯನ್ನು ನೀರಿಗೆ ಅದ್ದಿ, ಬಾಲ ಮೇಲೆ ಮಾಡಿ ತಳದಿಂದ ಏನೋ ಎಳೆಯುತ್ತಿತ್ತು. ಮರಿಗಳೂ ಹಾಗೇ ಮಾಡಲು ಹೋಗಿ ಬೆಂಡಿನ ಹಾಗೆ ಮತ್ತೆ ಮೇಲೆ ಬರುತ್ತಿದ್ದವು. ಒಂದು ಮಾತ್ರ ಬಿಡದೆ ಏಳು ಸಲ ಪ್ರಯತ್ನ ಮಾಡಿತು. ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು, ಸದ್ದು ಮಾಡಬಾರದು ಅಂತ. ಅಷ್ಟರಲ್ಲಿ ಬೇರೆ ಯಾರೋ ಬಂದು ಮೆಟ್ಟಿಲ ಮೇಲೆ ಕೂತು ಕವರ್ ಬಿಚ್ಚಿದರು. ಆ ಸದ್ದಿಗೆ ತಾಯಿಯ ಕತ್ತು ಆ ಕಡೆ ತಿರುಗಿತು. ನನಗೆ ಹೊಟ್ಟೆಯಲ್ಲಿ ಒಂದು ತರಾ ಆಯಿತು. ಮೂರು ವರ್ಷ ಆ ಸದ್ದು ಕಲಿಸಿದವನು ನಾನೇ ಅಲ್ವಾ.

ಹೋಗಿ ಅವರಿಗೆ ಹೇಳಿದೆ. ಒಬ್ಬರು ಕೇಳಿದರು, ಇನ್ನೊಬ್ಬರು "ನಿಮ್ಮಪ್ಪನ ಕೆರೆನಾ" ಅಂದರು.

ಹಳೇ ಅಗ್ರಹಾರದ ತಾತ

ಎರಡು ದಿನ ಯೋಚನೆ ಮಾಡಿದೆ. ನಾನು ಪೂರ್ತಿ ಒಪ್ಪುವುದಿಲ್ಲ. ಕೈಯಲ್ಲಿ ಏನೂ ಇಲ್ಲದೆ ಹೋದರೆ ಮನೆಯವಳು ಜೊತೆಗಿಲ್ಲ ಅನ್ನುವುದು ಇನ್ನೂ ಜಾಸ್ತಿ ಅನ್ನಿಸುತ್ತದೆ. ಇವತ್ತು ಪೊಟ್ಟಣ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ತೆಗೆಯಲಿಲ್ಲ. ಬಾತುಗಳು ಸ್ವಲ್ಪ ಹೊತ್ತು ನನ್ನ ಮುಂದೆಯೇ ಸುತ್ತಿ, ಆಮೇಲೆ ತಮ್ಮ ಪಾಡಿಗೆ ತಾವು ಹೋದವು. ನಾಳೆ ಏನು ಮಾಡುತ್ತೇನೋ ಗೊತ್ತಿಲ್ಲ. ಪುರಿ ಮಾರುವ ಹೆಂಗಸಿಗೆ ದಿನಾ ಹತ್ತು ರೂಪಾಯಿ ಕೊಡುತ್ತಿದ್ದೆ, ಅದನ್ನಂತೂ ನಿಲ್ಲಿಸುವುದಿಲ್ಲ. ಅವಳ ಹೊಟ್ಟೆಯೂ ನೋಡಬೇಕು.

ಜೊಂಡುಹುಲ್ಲು

ತಾತ, ಬೇಸಿಗೆಯಲ್ಲಿ ಮನೆ ಕಾಂಪೌಂಡಿನ ಮೇಲೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರು ಇಡಿ. ದಿನಾ ಬದಲಾಯಿಸಿ ತೊಳೆಯಬೇಕು, ಅಷ್ಟೆ. ಪಿಕಳಾರ, ಗುಬ್ಬಿ, ಮೈನಾ ಬರುತ್ತವೆ. ಅದಕ್ಕೆ ಯಾರ ತಕರಾರೂ ಇಲ್ಲ.

ಬರುವ ಭಾನುವಾರ ಕುಕ್ಕರಹಳ್ಳಿ ಕೆರೆಗೆ ಬರುತ್ತೀರಾ? 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ನಿಮಗೆ ನಾನು ಹೇಳಬೇಕಾಗಿಲ್ಲ. ನಿಧಾನಕ್ಕೆ ನಡೆಯೋಣ. ಕೆರೆದಂಡೆ ಸಾರ್, ಮಗಳನ್ನೂ ಕರೆತನ್ನಿ.

ಕೆರೆದಂಡೆ ಅಪ್ಪ

ಎಷ್ಟು ಗಂಟೆಗೆ?

ಜೊಂಡುಹುಲ್ಲು

ಆರೂವರೆಗೆ ಗೇಟಿನ ಹತ್ತಿರ. ಬೈನಾಕ್ಯುಲರ್ ನನ್ನ ಹತ್ತಿರ ಒಂದೇ ಇದೆ, ಸರದಿ ಮೇಲೆ ನೋಡೋಣ.

ಸಾದಾ ಪ್ರಜೆ

ನಾನೂ ಬರುತ್ತೇನೆ. ಪುರಿ ತರಲಾ?

ಜೊಂಡುಹುಲ್ಲು

ತನ್ನಿ. ಒಗ್ಗರಣೆ ಹಾಕಿ ತನ್ನಿ, ನಮಗೆ.